ಧಣಿಯ ಭಾಷೆ ಕಲಿಸುವವರು ಕೂಲಿಯ ಕಥೆಯನ್ನೇಕೆ ಕಲಿಸರು?

ಮೊನ್ನೆ ಕೋಲಾರದಲ್ಲಿ ನಾಲ್ಕು ಜನ ಕಲೆತು ಕಾಲೇಜು ಹುಡುಗರ ಪಾಠಪಟ್ಟಿಯ ವಿಚಾರ ಮಾತನಾಡುತ್ತಿದ್ದೆವು. ನಾನೊಂದು ಸಲಹೆ ಮುಂದಿಟ್ಟೆ. ಕೊರಿಯಾ ದೇಶದ ಈ ನೂರು ವರ್ಷದ ಸಾಹಿತ್ಯವನ್ನೂ ಸಿನಿಮಾವನ್ನೂ ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ, ಕನ್ನಡದಲ್ಲಿ, ಕಲಿಸಬೇಕು ಎಂದೆ. ಮಾತು ಮುಗಿಯುವ ಮೊದಲೇ ನಗು ಎದ್ದಿತು. ಅಧ್ಯಾಪಕ ಮಹಾಶಯರೊಬ್ಬರು, “ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಎಂದ ಹಾಗಾಯಿತು, ಮೇಷ್ಟ್ರೇ. ಸಾವಿರದ ಇನ್ನೂರು ಅಡಿ ಕೊರೆದರೂ ನೀರು ಸಿಕ್ಕದ ಸೀಮೆಯಲ್ಲಿ ಕೊರಿಯಾದ ಕಾದಂಬರಿಯೇ?” ಎಂದರು.

ಪ್ರಶ್ನೆ ಸರಿಯಾದದ್ದೇ. ಉತ್ತರವನ್ನು ಅವರಿಗೆ ಅಲ್ಲಿಯೇ ಪೂರ್ತಿ ಹೇಳಲಾಗಲಿಲ್ಲ. ಅದನ್ನು ಕೇಳಬೇಕಾದವರು ಗಿರಣಿಯಲ್ಲಿ, ಮಂಡಿಯಲ್ಲಿ, ಅಂಗಡಿಯಲ್ಲಿ ಇರುವವರಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ಕೊರಿಯಾ ಆಗಲೇ ನಮ್ಮ ಮನೆಯೊಳಗೆ ಬಂದು ಕೂತಿದೆ. ನಾವು ಕರೆದೆವೋ ಬಿಟ್ಟೆವೋ, ಬಂದಾಗಿದೆ. ನಾನು ಪಾಠ ಹೇಳುತ್ತಿದ್ದಾಗ ಹತ್ತನೆ ತರಗತಿಯ ಹುಡುಗಿಯೊಬ್ಬಳ ಗಣಿತದ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಏನೋ ಚೌಕ, ಸೊನ್ನೆ, ಗೀಟುಗಳ ಬರವಣಿಗೆ ಕಂಡೆ. ಏನಮ್ಮಾ ಇದು ಎಂದರೆ, “ಕೊರಿಯನ್ ಅಕ್ಷರದಲ್ಲಿ ನನ್ನ ಹೆಸರು ಸಾರ್” ಎಂದಳು. ಯಾರೂ ಕಲಿಸಿರಲಿಲ್ಲ. ಫೋನು ನೋಡಿ ಕಲಿತಿದ್ದಳು. ಅವಳ ಅಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಮಾಲಿ. ಮುಳಬಾಗಿಲಿನಲ್ಲಿ ಪೆನ್ನು, ಪುಸ್ತಕ ಮಾರುವ ನನ್ನ ಗೆಳೆಯನ ಅಂಗಡಿಯಲ್ಲಿ ರಬ್ಬರಿನ ಮೇಲೂ ಡಬ್ಬಿಯ ಮೇಲೂ ಕೊರಿಯಾದ ಹಾಡುಗಾರರ ಮುಖ. ಮನೆಮನೆಯಲ್ಲೂ ಅಲ್ಲಿಯ ಧಾರಾವಾಹಿಗಳು ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಿವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬಂದಿದ್ದಾಳೆ. ಅವಳು ಯಾರು, ಎಲ್ಲಿಯವಳು, ಏನು ಕಷ್ಟಪಟ್ಟು ಬಂದಳು ಎಂದು ವಿಚಾರಿಸುವ ಮರ್ಯಾದೆ ಮಾತ್ರ ನಮಗಿಲ್ಲ.

2021ರಲ್ಲಿ ಬಂದ ‘ಸ್ಕ್ವಿಡ್ ಗೇಮ್’ ಎಂಬ ಧಾರಾವಾಹಿಯನ್ನು ನಮ್ಮ ಹುಡುಗರಲ್ಲಿ ನೋಡದವರು ಕಡಮೆ. ಸಾಲಗಾರರನ್ನು ಒಂದು ದ್ವೀಪಕ್ಕೆ ಒಯ್ದು ಮಕ್ಕಳಾಟ ಆಡಿಸಿ, ಸೋತವರನ್ನು ಕೊಲ್ಲುವ ಕಥೆ. ಅದರ ನಾಯಕ ಯಾರು? ಡ್ರ್ಯಾಗನ್ ಎಂಬ ಮೋಟಾರು ಕಂಪನಿಯಿಂದ ಹೊರಗೆ ಹಾಕಿಸಿಕೊಂಡ, ಮುಷ್ಕರದಲ್ಲಿ ಕಣ್ಣೆದುರಿಗೇ ಸಂಗಾತಿಯ ಸಾವನ್ನು ಕಂಡ ಕಾರ್ಮಿಕ. ಇದು ಗಾಳಿಯಿಂದ ಹುಟ್ಟಿದ ಕಥೆಯಲ್ಲ. ಕೊರಿಯಾದ ಪ್ಯೊಂಗ್‌ಟೇಕ್ ಎಂಬಲ್ಲಿ ಸ್ಸಾಂಗ್‌ಯಾಂಗ್ ಎಂಬ ಹೆಸರಿನ ಮೋಟಾರು ಕಾರ್ಖಾನೆಯಿತ್ತು. ಆ ಹೆಸರಿನ ಅರ್ಥವೇ ‘ಜೋಡಿ ಡ್ರ್ಯಾಗನ್’. 2009ರಲ್ಲಿ ಅಲ್ಲಿ ಎರಡು ಸಾವಿರದ ಆರು ನೂರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಲು ಹೊರಟಾಗ ಕಾರ್ಮಿಕರು ಕಾರ್ಖಾನೆಯೊಳಗೇ 77 ದಿನ ಕೂತರು. ಪೋಲೀಸರು ಹೆಲಿಕಾಪ್ಟರಿನಿಂದ ಅಶ್ರುವಾಯುವಿನ ದ್ರಾವಣ ಸುರಿದರು. ಮುಂದಿನ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರೂ ಅವರ ಮನೆಯವರೂ ಸೇರಿ ಮೂವತ್ತರಷ್ಟು ಜನ ಆತ್ಮಹತ್ಯೆಯಿಂದ, ಕಾಯಿಲೆಯಿಂದ ಸತ್ತರು. ಧಾರಾವಾಹಿಯ ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯುಕ್ ತನ್ನ ನಾಯಕನ ಹಿಂದೆ ಈ ಸಂಗತಿಯಿದೆ ಎಂದು ಬಾಯಿಬಿಟ್ಟು ಹೇಳಿದ್ದಾನೆ.

ಆ ಕಾರ್ಖಾನೆಯನ್ನು 2011ರಲ್ಲಿ ಕೊಂಡವರು ಯಾರು ಬಲ್ಲಿರಾ? ನಮ್ಮ ಭಾರತದ ಮಹೀಂದ್ರ ಕಂಪನಿ. ಹೊರಗೆ ಬಿದ್ದವರು ಮತ್ತೆ ಒಳಗೆ ಹೋಗಲು ಬೀದಿಯಲ್ಲಿ ನಿಂತು ಕೇಳಿದ್ದು ನಮ್ಮ ದೇಶದ ಧಣಿಯನ್ನು. ಉಳಿದವರನ್ನು ಹಿಂದಕ್ಕೆ ತೆಗೆದುಕೊಳ್ಳುವ ಒಪ್ಪಂದವಾದದ್ದು 2018ರಲ್ಲಿ. ಮಾಲೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹುಡುಗ ಆ ಧಾರಾವಾಹಿಯನ್ನು ಎರಡೆರಡು ಸಲ ನೋಡಿದ್ದಾನೆ. ಇದೊಂದನ್ನೂ ಅವನಿಗೆ ಯಾರೂ ಹೇಳಲಿಲ್ಲ. ಅಧ್ಯಯನ ಎಂದರೆ ಇಂಥದ್ದನ್ನು ಹೇಳುವುದು, ಸ್ವಾಮಿ. ಇನ್ನೇನೋ ಘನವಾದದ್ದಲ್ಲ.

ಈಗ ನಮ್ಮ ರೇಷ್ಮೆಯ ಮಾತಿಗೆ ಬರುತ್ತೇನೆ. ನೂಲು ಬಿಚ್ಚಾಣಿಕೆ ಮಾಡುವ ಹೆಂಗಸರ ಕೈಬೆರಳು ನೋಡಿದ್ದೀರಿ. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ತುದಿ ಬೆಳ್ಳಗೆ ಬೆಂದು ಸೀಳಿರುತ್ತದೆ. ಕಾಂಗ್ ಕ್ಯೊಂಗ್-ಎ ಎಂಬ ಕೊರಿಯಾದ ಹೆಣ್ಣುಮಗಳು 1934ರಲ್ಲಿ ಒಂದು ಕಾದಂಬರಿ ಬರೆದಳು. ಹೆಸರು ‘ಮನುಷ್ಯರ ಸಮಸ್ಯೆ’ ಎಂಬರ್ಥದ್ದು. ಸೊನ್‌ಬಿ ಎಂಬ ಬಡ ಹುಡುಗಿ ಜಮೀನುದಾರನ ಮನೆಯ ಕಾಟ ತಾಳಲಾರದೆ ಊರು ಬಿಟ್ಟು ಇಂಚನ್ ಎಂಬ ಬಂದರಿನ ನೂಲಿನ ಗಿರಣಿ ಸೇರುತ್ತಾಳೆ. ಅಲ್ಲಿ ಕುದಿಯುವ ನೀರಿನಲ್ಲಿ ರೇಷ್ಮೆಗೂಡು, ಬೆಂದ ಕೈ, ರಾತ್ರಿ ಬೀಗ ಹಾಕಿದ ವಸತಿ, ಮೇಸ್ತ್ರಿಯ ಕಣ್ಣು. ಕೊನೆಗೆ ಕ್ಷಯ ಹತ್ತಿ ಸಾಯುತ್ತಾಳೆ. ಆಗ ಕೊರಿಯಾ ಜಪಾನಿನ ಕೈಕೆಳಗಿತ್ತು, ನಾವು ಇಂಗ್ಲಿಷರ ಕೈಕೆಳಗಿದ್ದ ಹಾಗೆ. ಆ ಕಾದಂಬರಿ ಬಂದು ತೊಂಬತ್ತು ವರ್ಷ ದಾಟಿತು. ರೇಷ್ಮೆಯಿಂದ ಬದುಕುವ ಈ ಸೀಮೆಯ ವಿಶ್ವವಿದ್ಯಾಲಯದಲ್ಲಿ ಅದನ್ನು ಓದಿಸದೆ ಇನ್ನೆಲ್ಲಿ ಓದಿಸಬೇಕು?

ಜಿಯಾನ್ ತೇ-ಇಲ್ ಎಂಬವನ ಕಥೆ ಇದಕ್ಕಿಂತ ಹತ್ತಿರದ್ದು. ನಾನು ಇದನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಸಿಯೋಲ್ ನಗರದ ಪ್ಯೊಂಗ್‌ಹ್ವಾ ಬಜಾರಿನಲ್ಲಿ ಬಟ್ಟೆ ಕತ್ತರಿಸುವ ಕೆಲಸದವನು. ಶಾಲೆ ಕಲಿತದ್ದು ಅಷ್ಟಕ್ಕಷ್ಟೆ. ಅಲ್ಲಿ ಅಟ್ಟದ ಮೇಲೆ, ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಿನಲ್ಲಿ, ಎಳೆಯ ಹುಡುಗಿಯರು ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆ ಹೊಲಿಯುತ್ತಿದ್ದರು. ದೂಳು ಕುಡಿದು ರಕ್ತ ಕಾರುತ್ತಿದ್ದರು. ಕಾರ್ಮಿಕರಿಗೂ ಒಂದು ಕಾನೂನಿದೆ, 1953ರಲ್ಲೇ ಆಗಿದೆ ಎಂಬ ಸುದ್ದಿ ಇವನ ಕಿವಿಗೆ ಬಿತ್ತು. ಪುಸ್ತಕ ತಂದು ಬಿಚ್ಚಿ ನೋಡುತ್ತಾನೆ, ಪುಟದ ತುಂಬ ಚೀನೀ ಲಿಪಿಯ ಕಠಿಣ ಶಬ್ದಗಳು. ಒಂದು ಸಾಲು ಓದಲು ಒಂದು ರಾತ್ರಿ. ಕಾಲೇಜಿನಲ್ಲಿ ಓದುವ ಗೆಳೆಯನೊಬ್ಬ ನನಗಿದ್ದಿದ್ದರೆ ಎಂದು ಅವನು ಹಂಬಲಿಸುತ್ತಿದ್ದ.

ಈ ಮಾತನ್ನು ಸ್ವಲ್ಪ ನಿಂತು ಕೇಳಿ. ಅವನು ಹಣ ಬೇಕೆನ್ನಲಿಲ್ಲ, ನಾಯಕ ಬೇಕೆನ್ನಲಿಲ್ಲ. ಓದಿ ಅರ್ಥ ಹೇಳುವ ಒಬ್ಬ ಗೆಳೆಯ ಬೇಕೆಂದ. ಮೆಟ್ರಿಕ್ಕಿಗೇ ನಿಂತ ನಾನೂ ಕಾರ್ಖಾನೆ ಕಾಯಿದೆಯ ಇಂಗ್ಲಿಷ್ ಪ್ರತಿಯನ್ನು ಎದುರಿಗಿಟ್ಟುಕೊಂಡು, ನಿಘಂಟಿನ ಹಾಳೆ ತಿರುವುತ್ತ, ಅದನ್ನೇ ಅಂದುಕೊಂಡದ್ದುಂಟು.

ಅಧಿಕಾರಿಗಳು ಅವನ ಅರ್ಜಿಗಳಿಗೆ ಕಿವಿಗೊಡಲಿಲ್ಲ. 1970ರ ನವೆಂಬರ್ 13ರಂದು, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಆ ಕಾನೂನಿನ ಪುಸ್ತಕ ಹಿಡಿದು ಜಿಯಾನ್ ತೇ-ಇಲ್ ಮೈಗೆ ಬೆಂಕಿ ಹಚ್ಚಿಕೊಂಡ. ಅವನ ತಾಯಿ ಲೀ ಸೊ-ಸೊನ್ 2011ರಲ್ಲಿ ಸಾಯುವವರೆಗೂ ಕಾರ್ಮಿಕರ ಜೊತೆ ನಿಂತಳು. ಮತ್ತು ಅವನು ಬೇಡಿದ ಕಾಲೇಜು ಗೆಳೆಯ, ತಡವಾಗಿಯಾದರೂ, ಬಂದ. ಚೊ ಯೊಂಗ್-ರೇ ಎಂಬ ಕಾನೂನು ಓದಿದ ಯುವಕ ಪೋಲೀಸರಿಂದ ತಲೆಮರೆಸಿಕೊಂಡಿದ್ದಾಗ ಅವನ ಜೀವನಚರಿತ್ರೆ ಬರೆದ. 1983ರಲ್ಲಿ ಅದು ಕೊರಿಯಾದಲ್ಲಿ ಅಚ್ಚಾದಾಗ ಬರೆದವನ ಹೆಸರು ಹಾಕುವಂತಿರಲಿಲ್ಲ. 1995ರಲ್ಲಿ ಪಾರ್ಕ್ ಕ್ವಾಂಗ್-ಸು ಇದನ್ನು ಚಿತ್ರ ಮಾಡಿದ. ಬಂಡವಾಳ ಹಾಕಿದವರಲ್ಲಿ ಸಾವಿರಾರು ಜನ ಸಾಮಾನ್ಯರು. ಕಾರ್ಮಿಕನ ಬದುಕು ಪುಸ್ತಕವಾಗಿ, ಪುಸ್ತಕ ಸಿನಿಮಾವಾಗಿ, ಸಿನಿಮಾ ಮತ್ತೆ ಕಾಲೇಜಿನ ಪಾಠವಾಗುವ ದಾರಿ ಇದು. ನಾನು ಕೇಳುತ್ತಿರುವ ಅಧ್ಯಯನ ಇದೇ.

ಈ ದಾರಿಯಲ್ಲಿ ಕತ್ತರಿಯೂ ಕಾದು ಕೂತಿರುತ್ತದೆ. ಚೊ ಸೆ-ಹುಯಿ ಎಂಬ ಲೇಖಕ ಸಿಯೋಲಿನ ಕೊಳಚೆ ಬಡಾವಣೆಯಿಂದ ಎತ್ತಂಗಡಿಯಾದ ಒಬ್ಬ ಕುಳ್ಳನ ಸಂಸಾರದ ಕಥೆಗಳನ್ನು 1978ರಲ್ಲಿ ಪುಸ್ತಕ ಮಾಡಿದ. ಮನೆ ಒಡೆಯುವ ನೋಟೀಸು ಬಂದ ದಿನದಿಂದ ಶುರು. ಮಕ್ಕಳು ಕಾರ್ಖಾನೆ ಸೇರುತ್ತಾರೆ. ಆ ಪುಸ್ತಕ ಇನ್ನೂರಕ್ಕೂ ಹೆಚ್ಚು ಸಲ ಅಚ್ಚಾಗಿದೆ. 1981ರಲ್ಲಿ ಅದು ಚಿತ್ರವಾದಾಗ ಸೈನಿಕ ಸರಕಾರದ ಕಾಲ. ಕಾರ್ಖಾನೆಯ ಕಥೆ ಪರದೆಯ ಮೇಲೆ ಉಪ್ಪಿನ ಗದ್ದೆಯ ಕಥೆಯಾಗಿ ಬಂತು. ಪುಸ್ತಕವನ್ನು ಒಂದು ಕೈಯಲ್ಲಿ, ಚಿತ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರೆ ತಾನೇ ಸರಕಾರ ಯಾವುದಕ್ಕೆ ಹೆದರುತ್ತಿತ್ತೆಂದು ತಿಳಿಯುವುದು? ಚಿತ್ರಗಳನ್ನು ಮೊದಲೇ ತರಿಸಿಕೊಂಡು ಕತ್ತರಿಸುವ ಪದ್ಧತಿ ಸಂವಿಧಾನಕ್ಕೆ ವಿರೋಧವೆಂದು ಅಲ್ಲಿಯ ನ್ಯಾಯಾಲಯ ತೀರ್ಪು ಕೊಟ್ಟದ್ದು 1996ರಲ್ಲಿ.

ಸಾಹಿತ್ಯ ಮಾತ್ರ ಓದಿ, ಸಿನಿಮಾ ಬೇಡ ಎನ್ನುವ ಶುದ್ಧಾಚಾರಿಗಳಿಗೆ ಇಷ್ಟು ಸಾಕು.

ಕೊರಿಯಾಕ್ಕೂ ಕನ್ನಡನಾಡಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರು ಬಲ್ಲಿರಿ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ, ಊರಿಗೆ ಹಿಂದಿರುಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ವಿಚಾರಣೆಗೆ ಏರ್ಪಟ್ಟ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಅವರೇ. ಕೆಲವರು ಉತ್ತರವೂ ಬೇಡ, ದಕ್ಷಿಣವೂ ಬೇಡ, ಮೂರನೆಯ ದೇಶ ಬೇಕು ಎಂದರು. ಅಂಥ ಎಂಬತ್ತೆಂಟು ಜನ, ಕೊರಿಯದವರೂ ಚೀನದವರೂ ಸೇರಿ, 1954ರಲ್ಲಿ ಭಾರತದ ಸೈನ್ಯದ ಜೊತೆ ಹಡಗಿನಲ್ಲಿ ಮದರಾಸಿಗೆ ಬಂದರು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ನಮಗೆ ಮದರಾಸು ಎಷ್ಟು ದೂರ!

ಇದರಿಂದ ಹುಟ್ಟಿದ ಕಾದಂಬರಿಯೊಂದಿದೆ. ಚೊಯಿ ಇನ್-ಹುನ್ ಬರೆದ ‘ಚೌಕ’, 1960ರದ್ದು. ವಿದ್ಯಾರ್ಥಿಗಳು ಎದ್ದು ಸಿಂಗ್‌ಮನ್ ರೀ ಎಂಬ ಸರ್ವಾಧಿಕಾರಿಯನ್ನು ಓಡಿಸಿದ ವರ್ಷವೇ ಬಂದದ್ದು. ಅದರ ನಾಯಕ ದಕ್ಷಿಣದ ದುಡ್ಡಿನ ಆಟವನ್ನೂ ನೋಡಿ, ಉತ್ತರದ ಘೋಷಣೆಗಳ ಹಿಂದಿನ ಟೊಳ್ಳನ್ನೂ ನೋಡಿ, ಎರಡರಿಂದಲೂ ಬೇಸತ್ತು ತಟಸ್ಥ ದೇಶವನ್ನು ಆರಿಸಿಕೊಳ್ಳುತ್ತಾನೆ. ಭಾರತದತ್ತ ಹೊರಟ ಅವನ ಹಡಗಿನ ಹೆಸರು ‘ಟಾಗೋರ್’. ಅವನು ದಡ ಮುಟ್ಟುವುದಿಲ್ಲ. ನಡುಗಡಲಿನಲ್ಲಿ ಧುಮುಕುತ್ತಾನೆ. ಕೊರಿಯಾದ ಶಾಲೆಯ ಮಕ್ಕಳೂ ಓದುವ ಈ ಪುಸ್ತಕದಲ್ಲಿ ನಮ್ಮ ದೇಶವಿದೆ. ನಮ್ಮ ಪಾಠಪಟ್ಟಿಯಲ್ಲಿ ಅವರಿಲ್ಲ. (ಉತ್ತರದ ಬಗ್ಗೆ ಬರೆದದ್ದನ್ನು ನಮ್ಮ ಕೆಲವು ಹಿರಿಯ ಸಂಗಾತಿಗಳು ಒಪ್ಪಲಾರರು. ಅವರು ಮೊದಲು ಪುಸ್ತಕ ಓದಲಿ, ಆಮೇಲೆ ಜಗಳವಾಡೋಣ.)

ಹಾಗಾದರೆ ಈಗ ಕಲಿಸುತ್ತಿರುವುದೇನು? ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಕೊರಿಯದ ಭಾಷೆ, ಸಾಹಿತ್ಯಗಳಲ್ಲಿ ಬಿ.ಎ. ಇದೆ, ಎಂ.ಎ. ಇದೆ, ಸಂಶೋಧನೆಯೂ ಇದೆ. ಒಳ್ಳೆಯದೇ, ಆದರೆ ಅದು ದಿಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಯಬಹುದಾದ ಪರದೇಶದ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿತು. ಬೆಂಗಳೂರಿನಲ್ಲಿ ಕೊರಿಯನ್ ಕಲಿಸುವ ತರಗತಿಗಳೂ ಇವೆ. ಅಲ್ಲಿಗೆ ಹೋಗಿ ಬಂದ ಹುಡುಗನನ್ನು ಏನು ಕಲಿತೆಯಪ್ಪಾ ಎಂದು ಕೇಳಿ. ವಂದನೆ ಹೇಳುವುದು, ಮೇಲಧಿಕಾರಿಗೆ ತಲೆ ಬಾಗುವುದು, ಸಾಮಾನಿನ ಪಟ್ಟಿ ಓದುವುದು, ಪರೀಕ್ಷೆ ಕಟ್ಟುವುದು. ಮುಗಿದ ಮೇಲೆ ಕಂಪನಿಯಲ್ಲಿ ದುಭಾಷಿ. ಅನ್ನದ ದಾರಿ, ನಾನು ಹಳಿಯುವುದಿಲ್ಲ. ಆದರೆ ದುಭಾಷಿ ನಿಲ್ಲುವುದು ಮ್ಯಾನೇಜರ ಪಕ್ಕದಲ್ಲಿ. ಮುಳಬಾಗಿಲಿನ ಹೆದ್ದಾರಿ ಹಿಡಿದು ಮದರಾಸಿನ ಕಡೆ ಹೋದರೆ ಶ್ರೀಪೆರಂಬೂದೂರು ಸಿಗುತ್ತದೆ. ಅಲ್ಲಿಯ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ 37 ದಿನ ಮುಷ್ಕರ ನಡೆಯಿತು. ತಮ್ಮ ಸಂಘವನ್ನು ಒಪ್ಪಿಕೊಳ್ಳಿ ಎಂಬುದು ಮುಖ್ಯ ಬೇಡಿಕೆ. ಆ ಮುಷ್ಕರಗಾರರಲ್ಲಿ ಎಷ್ಟು ಜನಕ್ಕೆ ಜಿಯಾನ್ ತೇ-ಇಲ್ ಹೆಸರು ಗೊತ್ತಿದ್ದೀತು? ಧಣಿಯ ಊರಿನಲ್ಲೇ ಧಣಿಗೆ ಎದುರು ನಿಂತವರ ಚರಿತ್ರೆ ಕೈಯಲ್ಲಿದ್ದಿದ್ದರೆ ಮಾತಿಗೆ ಎಷ್ಟು ಬಲ ಬರುತ್ತಿತ್ತು!

ಇಂಗ್ಲಿಷಿನಲ್ಲಿ ಎಲ್ಲವೂ ಸಿಗುತ್ತದೆಯಲ್ಲ ಎನ್ನುವ ಪಂಡಿತರಿಗೆ ಒಂದು ಮಾತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೆಯ ಹಂತವೂ ಆಗಲಿ ಎಂದು ರೈತರು ಕೂಗುತ್ತಲೇ ಇದ್ದಾರೆ. ಸಾಹಿತ್ಯದಲ್ಲೂ ನಮ್ಮ ಪಾಲಿಗೆ ಇದೇ ಬೆಂಗಳೂರಿನ ನೀರೇ? ಕೊರಿಯದವನು ಬರೆದದ್ದು ಲಂಡನ್ನಿಗೆ ಹೋಗಿ, ಅಲ್ಲಿಯ ಪ್ರಕಾಶಕನ ರುಚಿಗೆ ತಕ್ಕದ್ದು ಮಾತ್ರ ಸೋಸಿ ಬಂದು, ಆಮೇಲೆ ನಮ್ಮ ಕೆರೆಗೆ. ಲಂಡನ್ನಿನವನಿಗೆ ರೇಷ್ಮೆಗೂಡಿನ ಹುಡುಗಿಯ ಬೆರಳು ಏಕೆ ಬೇಕು?

ಆದರೂ ನ್ಯಾಯ ಹೇಳಬೇಕು. ಮುಳಬಾಗಿಲಿನ ಡಿ.ವಿ.ಜಿ.ಯವರು ಪಾರಸಿಯ ಉಮರ್ ಖಯ್ಯಾಮನನ್ನು ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ತಂದರು. ‘ಉಮರನ ಒಸಗೆ’ಯನ್ನು ಯಾರು ತೆಗಳಿಯಾರು? ಮೆಟ್ರಿಕ್ ಪರೀಕ್ಷೆಯನ್ನೇ ದಾಟದ ಮಹಾನುಭಾವ ಅವರು, ನನ್ನಂಥವನಿಗೆ ಅದೊಂದು ಧೈರ್ಯ. ಅವರ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ನಮಗಿದೆ. ತಾನಾಗಿಯೇ ಕೊರಿಯನ್ ಅಕ್ಷರ ತಿದ್ದಿದ ಆ ಹಮಾಲಿಯ ಮಗಳೇ ದಾರಿ.

ಅನುವಾದವೆಂದರೆ ಸಣ್ಣ ಕೆಲಸವೆಂದು ತಿಳಿಯಬೇಡಿ. ಹಾನ್ ಕಾಂಗ್ ಎಂಬ ಲೇಖಕಿಗೆ 2016ರಲ್ಲಿ ಅಂತರರಾಷ್ಟ್ರೀಯ ಬೂಕರ್, 2024ರಲ್ಲಿ ನೊಬೆಲ್ ಬಂತು. ನಮ್ಮ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅದೇ ಬೂಕರ್ ಬಂದಾಗ, ಅನುವಾದಿಸಿದ ದೀಪಾ ಭಸ್ತಿಯವರಿಗೂ ಸಮಪಾಲು. ಎರಡು ನಾಡಿನ ಹೆಣ್ಣುಮಕ್ಕಳು ಲಂಡನ್ನಿನ ಒಂದೇ ಬಹುಮಾನದ ಪಟ್ಟಿಯಲ್ಲಿ ಕಾಣಿಸಿಕೊಂಡರು. ಕನ್ನಡಕ್ಕೂ ಕೊರಿಯನ್ನಿಗೂ ನೇರ ಮಾತು ಮಾತ್ರ ಇನ್ನೂ ಬೆಳೆದಿಲ್ಲ.

ಕೊರಿಯಾ ಸರಕಾರ ಇಂಥ ಅಧ್ಯಯನಕ್ಕೆ ಹಣ ಕೊಡುತ್ತದೆ. 1991ರಲ್ಲಿ ಅದಕ್ಕೆಂದೇ ಕೊರಿಯಾ ಫೌಂಡೇಷನ್ ಕಟ್ಟಿದ್ದಾರೆ. ಪುಸ್ತಕ ಕೊಟ್ಟರೆ ತೆಗೆದುಕೊಳ್ಳೋಣ, ಪಾಠಪಟ್ಟಿಯನ್ನು ಮಾತ್ರ ಅವರ ಕೈಗೆ ಕೊಡಬಾರದು. ಏಕೆಂದರೆ ಅಲ್ಲಿಯ ಸರಕಾರಗಳ ನೆನಪು ಬಹಳ ಆಯ್ದ ನೆನಪು. ದೇಶ ಒಡೆದ ಮೇಲೆ ಉತ್ತರಕ್ಕೆ ಹೋದ ಲೇಖಕರ ಪುಸ್ತಕಗಳು ದಕ್ಷಿಣದಲ್ಲಿ 1988ರವರೆಗೆ ನಿಷಿದ್ಧವಾಗಿದ್ದವು. ತಮ್ಮದೇ ಸಾಹಿತ್ಯದ ಒಂದು ದೊಡ್ಡ ಭಾಗವನ್ನು ಅಲ್ಲಿಯ ಪ್ರಾಧ್ಯಾಪಕರು ನಲವತ್ತು ವರ್ಷ ಬಾಯಿಬಿಟ್ಟು ಕಲಿಸುವಂತಿರಲಿಲ್ಲ. 1980ರ ಮೇ ತಿಂಗಳಲ್ಲಿ ಗ್ವಾಂಗ್‌ಜು ನಗರದಲ್ಲಿ ಸೈನ್ಯ ತನ್ನ ಜನರನ್ನೇ ಕೊಂದದ್ದನ್ನು ಕುರಿತು ಹಾನ್ ಕಾಂಗ್ 2014ರಲ್ಲಿ ಕಾದಂಬರಿ ಬರೆದಳು. ಮುಂದೆ ಸರಕಾರದ ಕಪ್ಪುಪಟ್ಟಿಯೊಂದು ಬಯಲಾದಾಗ ಒಂಬತ್ತು ಸಾವಿರಕ್ಕೂ ಹೆಚ್ಚು ಕಲಾವಿದರ ಜೊತೆ ಅವಳ ಹೆಸರೂ ಇತ್ತು. ‘ಪ್ಯಾರಸೈಟ್’ ಮಾಡಿ 2020ರಲ್ಲಿ ಆಸ್ಕರ್ ಗೆದ್ದ ಬಾಂಗ್ ಜೂನ್-ಹೊ ಹೆಸರೂ ಇತ್ತು. ಈಗ ಇಬ್ಬರ ಚಿತ್ರವನ್ನೂ ಹೊತ್ತು ಮೆರೆಸುತ್ತಾರೆ.

ನಮ್ಮ ಮನೆಯ ಹುಣ್ಣು ನೋಡಲು ಕನ್ನಡಿಯೂ ಬೇಡ. 2018ರಲ್ಲಿ, 2022ರಲ್ಲಿ ‘ಕೆ.ಜಿ.ಎಫ್.’ ಎಂಬ ಚಿತ್ರಗಳು ಬಂದು ಕೋಟಿಕೋಟಿ ಬಾಚಿದವು. ಕೋಲಾರದ ಹೆಸರು ಪ್ರಪಂಚಕ್ಕೆಲ್ಲ ತಿಳಿಯಿತು ಎಂದು ನಾವು ಬೀಗಿದೆವು. ಅದರಲ್ಲಿ ಬಂದೂಕಿದೆ, ಗಡ್ಡವಿದೆ. 2001ರ ಫೆಬ್ರವರಿ 28 ಇಲ್ಲ. ಅಂದು ಗಣಿಗೆ ಬೀಗ ಬಿತ್ತು. ನೂರಿಪ್ಪತ್ತು ವರ್ಷ ನೆಲದೊಳಗೆ ಇಳಿದವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. 2020ರ ಡಿಸೆಂಬರ್ 12ರಂದು ನರಸಾಪುರದ ಫೋನು ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಭೆಯಾದಾಗ ಒಡೆದ ಗಾಜಿನ ಲೆಕ್ಕ ಎಲ್ಲ ಪತ್ರಿಕೆಗಳಲ್ಲೂ ಬಂತು. ಸಂಬಳ ಕೊಡುವುದರಲ್ಲಿ ತಪ್ಪಾಗಿತ್ತೆಂದು ಕಂಪನಿಯೇ ಆಮೇಲೆ ಒಪ್ಪಿತು. ಆ ರಾತ್ರಿ ಪಾಳಿ ಮುಗಿಸಿದ ಹುಡುಗನ ಕಥೆಯನ್ನು ಬರೆಯುವ ಚೊ ಸೆ-ಹುಯಿ ನಮ್ಮಲ್ಲಿ ಯಾರು? ಹೊರಗಿನವರು ಬರೆದದ್ದನ್ನು ಓದಿದರೆ ತಾನೇ ನಮ್ಮ ಹುಡುಗನಿಗೂ, ಅರೆ, ಇದು ಬರೆಯುವಂಥದ್ದು ಎಂದು ಹೊಳೆಯುವುದು? ಮಾಲೂರು ತಾಲ್ಲೂಕಿನ ಮಾಸ್ತಿ ಹಳ್ಳಿಯ ಸಣ್ಣ ಜನರ ಕಥೆ ಹೇಳಿಯೇ ದೊಡ್ಡವರಾದದ್ದು.

ನಾನು ಕೇಳುವುದು ದೊಡ್ಡದೇನಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಮಾಡಿದಾಗ ನಮ್ಮ ಪಾಲಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು, ಕೋಲಾರದ ಟಮಕದಲ್ಲಿ. ಅಲ್ಲಿಯ ಕನ್ನಡ ಎಂ.ಎ.ಯಲ್ಲಿ ಕೊರಿಯಾದ ಆಧುನಿಕ ಸಾಹಿತ್ಯ ಮತ್ತು ಚಲನಚಿತ್ರ ಎಂದು ಒಂದು ಪತ್ರಿಕೆ ಇರಲಿ. ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬರಂತೆ ನಾಲ್ಕು ವಿದ್ಯಾರ್ಥಿಗಳಿಗೆ ಸರಕಾರ ಪೂರ್ತಿ ವೇತನ ಕೊಟ್ಟು ಆ ಭಾಷೆ ಕಲಿಯಲು ಕಳಿಸಲಿ. ಬಂದವರು ಮೂಲದಿಂದಲೇ ಕನ್ನಡಕ್ಕೆ ತರಲಿ, ಮೊದಲು ‘ಮನುಷ್ಯರ ಸಮಸ್ಯೆ’, ಆಮೇಲೆ ಜಿಯಾನ್ ತೇ-ಇಲ್. ಅಚ್ಚು ಹಾಕಲು ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ, ಅದು ಇರುವುದೇ ಇಂಥ ಕೆಲಸಕ್ಕೆ. ಚಿತ್ರಗಳನ್ನು ತಾಲ್ಲೂಕು ಕೇಂದ್ರಗಳಲ್ಲಿ, ಪಾಳಿ ಮುಗಿಸಿದವರು ಬರಬಹುದಾದ ಹೊತ್ತಿನಲ್ಲಿ, ಕನ್ನಡದ ಅಡಿಬರಹದೊಡನೆ ತೋರಿಸಲಿ. ಇದಕ್ಕೆ ತಗಲುವ ಖರ್ಚು ಒಂದು ಉತ್ಸವದ ಶಾಮಿಯಾನ, ಹಾರ, ಧ್ವನಿವರ್ಧಕದ ಖರ್ಚಿಗಿಂತ ಹೆಚ್ಚಲ್ಲ.

ಈ ಬೇಡಿಕೆಗಳ ಮನವಿಯನ್ನು ಬರೆದು ಪತ್ರಿಕೆಯ ಕಚೇರಿಯಲ್ಲಿಯೂ ಮುಳಬಾಗಿಲಿನ ನನ್ನ ಗೆಳೆಯನ ಅಂಗಡಿಯಲ್ಲಿಯೂ ಇರಿಸಿದ್ದೇನೆ. ಸಹಿ ಹಾಕುವವರು ಹೆಸರಿನ ಮುಂದೆ ತಮ್ಮ ಕಸುಬನ್ನೂ ಕಾಣಿಸಬೇಕು: ಬಿಚ್ಚಾಣಿಕೆ, ಹೆಂಚಿನ ಕಾರ್ಖಾನೆ, ಹಮಾಲಿ, ಟೊಮೇಟೊ ಮಂಡಿ, ಕಿರಾಣಿ, ಏನಿದ್ದರೆ ಅದು. ಮೊದಲನೆಯ ಸಹಿ ಶ್ರೀನಿವಾಸಪುರದ ಆ ಹುಡುಗಿಯ ಅಪ್ಪನದು. ಅವನಿಗೆ ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತಿದ. ಪಕ್ಕದಲ್ಲಿ ಮಗಳು ಅವನ ಹೆಸರನ್ನು ಎರಡು ಲಿಪಿಯಲ್ಲಿ ಬರೆದಿದ್ದಾಳೆ.